ತಾಯಿ ಕಟ್ಟಿದ ಬುತ್ತಿ, ಬಾಟಲಿಯೊಳಗಿನ ಪೈನ್

"ಊಟ ಬಲ್ಲವನಿಗೆ ರೋಗವಿಲ್ಲ" ಅಂತ ಗಾದೆ ಇದೆಯಲ್ಲ, ಅದನ್ನು ಒಂದು ಮಿಲಿಮೀಟರೂ ಇರದ ಪೈನ್ ಭ್ರೂಣಕ್ಕೆ ಅನ್ವಯಿಸಿ ನೋಡಿ. ಅದಕ್ಕೆ ಬಾಯಿಲ್ಲ, ಬೇರಿಲ್ಲ, ಎಲೆಯಿಲ್ಲ. ಬೇಕು ಬೇಡ ಅಂತ ಹೇಳುವ ಹಾಗಿಲ್ಲ. ಬಾಟಲಿಯ ತಳದಲ್ಲಿ ನಾವು ಹಾಕಿಟ್ಟ ಜೆಲ್ಲಿಯಲ್ಲಿ ಏನಿದೆಯೋ ಅದೇ ಅದರ ಊಟ, ಅದೇ ಅದರ ನೀರು, ಅದೇ ಅದರ ಪ್ರಪಂಚ. ಸರಿಯಾಗಿ ಹಾಕಿದರೆ ಮುಂದೆ ನೂರು ಅಡಿಯ ಮರ. ತಪ್ಪಿದರೆ ವಾರದೊಳಗೆ ಕಂದು ಬಣ್ಣದ ಮುದ್ದೆ.

ಪೈನ್, ಸ್ಪ್ರೂಸ್, ಫರ್ ಮುಂತಾದ ಕೋನಿಫರ್ ಮರಗಳ ಭ್ರೂಣವನ್ನು ಪ್ರಯೋಗಾಲಯದಲ್ಲಿ ಬೆಳೆಸುವಾಗ ಯಾವ ಪೋಷಕಾಂಶ ಎಷ್ಟು ಕೊಡಬೇಕು ಅನ್ನೋದು ಕೇಳೋಕೆ ಶುದ್ಧ ಲ್ಯಾಬ್ ವಿಷಯ. ಇಂಜಿನಿಯರಿಂಗ್ ಓದಿ ಕೋಡ್ ಬರೆದುಕೊಂಡಿರುವವನಿಗೆ ಇದರ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ. ನಾರ್ವೆ ಸ್ಪ್ರೂಸ್ ಮರದ ಜೀನೋಮನ್ನು 2013ರಲ್ಲಿ ಓದಿ ಮುಗಿಸಿದಾಗ ಅದರಲ್ಲಿ ಸುಮಾರು 2000 ಕೋಟಿ ಅಕ್ಷರಗಳಿವೆ ಅಂತ ಗೊತ್ತಾಯಿತು. ಮನುಷ್ಯರದ್ದು ಸುಮಾರು 300 ಕೋಟಿ. ಇಷ್ಟು ದೊಡ್ಡ ಪ್ರೋಗ್ರಾಮು, ನಾವು ಬರೆದದ್ದಲ್ಲ, ತಿದ್ದುವ ಹಾಗೂ ಇಲ್ಲ. ನಮ್ಮ ಕೈಯಲ್ಲಿರುವುದು ಇನ್‌ಪುಟ್ ಒಂದೇ. ಅದು ಬದಲಾದರೆ ಅದೇ ಪ್ರೋಗ್ರಾಮು ಒಮ್ಮೆ ಗಿಡ ಮಾಡುತ್ತದೆ, ಒಮ್ಮೆ ಮುದ್ದೆ ಮಾಡುತ್ತದೆ. ಇಂಥ ಸಮಸ್ಯೆ ಎಲ್ಲಿದ್ದರೂ ನನಗೆ ತಲೆ ಹಾಕದೆ ಇರಲಾಗುವುದಿಲ್ಲ :)

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕ್ಷೇತ್ರದಲ್ಲಿ ಹಾರ್ಮೋನುಗಳಿಗೆ ಸಿಕ್ಕಿದ ಮರ್ಯಾದೆ ಊಟಕ್ಕೆ ಸಿಕ್ಕಿಲ್ಲ. ಊಟದ ಲೆಕ್ಕವನ್ನು ಸಿದ್ಧ ಪಾಕದಿಂದಲ್ಲ, ತಾಯಿಮರದ ಬೀಜದಿಂದ ಕಲಿಯಬೇಕು. ಯಾಕೆಂದರೆ ಬಾಟಲಿಯ ಊಟ ಎಷ್ಟು ಗಿಡ ಬರುತ್ತವೆ ಅನ್ನೋದನ್ನಷ್ಟೇ ಅಲ್ಲ, ಯಾವ ಮರದ ಸಂತತಿ ಉಳಿಯುತ್ತದೆ ಅನ್ನೋದನ್ನೂ ತೀರ್ಮಾನ ಮಾಡುತ್ತದೆ.

ಈಗ ಒಂದೊಂದಾಗಿ ನೋಡೋಣ.

ಮೊದಲು ಬೀಜದ ಕಥೆ. ನಾವು ಶಾಲೆಯಲ್ಲಿ ಅವರೆಕಾಳು, ಮೆಕ್ಕೆಜೋಳ ಬಿಡಿಸಿ ನೋಡಿದವರು. ಜೋಳದ ಕಾಳಿನಲ್ಲಿ ಭ್ರೂಣದ ಪಕ್ಕ ಇರುವ ಹಿಟ್ಟಿನ ಭಾಗ ಗರ್ಭಧಾರಣೆಯ ನಂತರ ಬೆಳೆದದ್ದು, ಅದರಲ್ಲಿ ತಂದೆಯ ಪಾಲೂ ಇದೆ. ಪೈನ್ ಬೀಜದ ವ್ಯವಸ್ಥೆ ಬೇರೆ. ಅಲ್ಲಿ ಭ್ರೂಣವನ್ನು ಸುತ್ತಿಕೊಂಡಿರುವ ಬಿಳಿ ತಿರುಳು ಪೂರ್ತಿ ತಾಯಿಯದ್ದು. ಗರ್ಭಧಾರಣೆಗೆ ಮೊದಲೇ ತಾಯಿ ಕಟ್ಟಿಟ್ಟ ಬುತ್ತಿ ಅದು. ಆಮೇಲೆ ಅದರಲ್ಲಿ ಎಣ್ಣೆ, ಪ್ರೋಟೀನ್ ತುಂಬಿಕೊಳ್ಳುತ್ತವೆ. ಆ ಪ್ರೋಟೀನಿನಲ್ಲಿ ಆರ್ಜಿನೈನ್ ಎಂಬ ಅಮೈನೋ ಆಮ್ಲ ಹೆಚ್ಚು. ಒಂದೊಂದು ಆರ್ಜಿನೈನ್ ಅಣುವಿನಲ್ಲಿ ನಾಲ್ಕು ನೈಟ್ರೋಜನ್ ಪರಮಾಣುಗಳಿವೆ. ಅಂದರೆ ಚಿಕ್ಕ ಡಬ್ಬಿಯಲ್ಲಿ ದೊಡ್ಡ ಊಟ. ಬೀಜ ಮೊಳೆಯುವಾಗ ಇದೇ ಒಡೆದು ಸಸಿಗೆ ನೈಟ್ರೋಜನ್ ಒದಗಿಸುತ್ತದೆ.

ಇನ್ನೊಂದು ವಿಚಿತ್ರ. ಪೈನ್ ಬೀಜದೊಳಗೆ ಆರಂಭದಲ್ಲಿ ಒಂದಲ್ಲ, ಹಲವು ಭ್ರೂಣ ಇರುತ್ತವೆ. ಒಂದೇ ಭ್ರೂಣ ನಾಲ್ಕಾಗಿ ಸೀಳಿಕೊಳ್ಳುವುದೂ ಉಂಟು. ಕೊನೆಗೆ ಸಾಮಾನ್ಯವಾಗಿ ಒಂದೇ ಉಳಿಯುತ್ತದೆ, ಉಳಿದವು ಸತ್ತು ಕರಗುತ್ತವೆ. ಪ್ರಯೋಗಾಲಯದವರು ಈ ಗುಣವನ್ನೇ ಹಿಡಿದುಕೊಂಡರು. ಬಲಿಯದ ಬೀಜದಿಂದ ಭ್ರೂಣ ತೆಗೆದು ಸರಿಯಾದ ಮಾಧ್ಯಮದ ಮೇಲಿಟ್ಟರೆ ಅದು ಸೀಳಿಕೊಳ್ಳುತ್ತಾ, ಹೆಚ್ಚುತ್ತಾ ಹೋಗುತ್ತದೆ. ಒಂದು ಬೀಜದಿಂದ ಲೆಕ್ಕವಿಲ್ಲದಷ್ಟು ತದ್ರೂಪಿ ಭ್ರೂಣಗಳು. ನಾರ್ವೆ ಸ್ಪ್ರೂಸಿನಲ್ಲಿ ಇದನ್ನು ಹಾಕ್‌ಮನ್, ವಾನ್ ಆರ್ನಾಲ್ಡ್ ಮತ್ತು ಜೊತೆಗಾರರು 1985ರಲ್ಲಿ ತೋರಿಸಿದರು. ಅದೇ ವರ್ಷ ಬೇರೆ ಕಡೆಗಳಿಂದಲೂ ಇಂಥ ವರದಿಗಳು ಬಂದವು. ಕ್ಯಾರೆಟ್‌ನಲ್ಲಿ ಇದು 1958ರಲ್ಲೇ ಆಗಿತ್ತು. ಕ್ಯಾರೆಟ್‌ನಿಂದ ಕೋನಿಫರ್‌ಗೆ ಬರಲು 27 ವರ್ಷ ಬೇಕಾಯಿತು.

ಕೆಲಸದ ಕ್ರಮ ಹೀಗಿದೆ. ಮೊದಲ ಹಂತದಲ್ಲಿ ಆಕ್ಸಿನ್ ಮತ್ತು ಸೈಟೋಕೈನಿನ್ ಬಗೆಯ ಹಾರ್ಮೋನು ಕೊಟ್ಟು ಭ್ರೂಣಗಳನ್ನು ಹೆಚ್ಚಿಸುವುದು. ಆಕ್ಸಿನ್ ಅಂದರೆ ಹೆಚ್ಚಾಗಿ 2,4-ಡಿ, ನಮ್ಮ ರೈತರಿಗೆ ಕಳೆನಾಶಕವಾಗಿ ಗೊತ್ತಿರುವ ಅದೇ ವಸ್ತು, ತೀರಾ ಸಣ್ಣ ಪ್ರಮಾಣದಲ್ಲಿ. ಎರಡನೇ ಹಂತದಲ್ಲಿ ಅವನ್ನು ತೆಗೆದು ಅಬ್ಸಿಸಿಕ್ ಆಮ್ಲ ಕೊಡುವುದು. "ಈಗಲೇ ಮೊಳೆಯಬೇಡ, ಮೊದಲು ಕೂಡಿಟ್ಟುಕೋ" ಅಂತ ಭ್ರೂಣಕ್ಕೆ ಹೇಳುವ ಹಾರ್ಮೋನು ಅದು. ಮೂರನೆಯದು ಸ್ವಲ್ಪ ಒಣಗಿಸಿ ಮೊಳಕೆ ಬರಿಸುವುದು. ಈ ನಡುವೆ ಪ್ರತಿ ತಳಿಯ ಸ್ವಲ್ಪ ಭಾಗವನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ಫ್ರೀಜ್ ಮಾಡಿ ಇಡುತ್ತಾರೆ. ಗಿಡಗಳು ಹೊಲದಲ್ಲಿ ಹತ್ತಾರು ವರ್ಷ ಬೆಳೆದು ಯಾವುದು ಚೆನ್ನ ಅಂತ ಗೊತ್ತಾದ ಮೇಲೆ ಅದೇ ತಳಿಯನ್ನು ಹೊರತೆಗೆದು ಮತ್ತೆ ಬೆಳೆಸಬಹುದು. ಬ್ಯಾಕಪ್ ಇಟ್ಟುಕೊಂಡ ಹಾಗೆ.

ಇಷ್ಟರಲ್ಲಿ ಎಲ್ಲರ ಬಾಯಲ್ಲೂ ಬರುವುದು ಹಾರ್ಮೋನುಗಳ ಹೆಸರೇ. ಭ್ರೂಣ ತಿನ್ನುವುದೇನು ಅನ್ನೋದು "ಮೂಲ ಮಾಧ್ಯಮ" ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ಲೈಬ್ರರಿ ಇಂಪೋರ್ಟ್ ಮಾಡಿ ಒಳಗೇನಿದೆ ಅಂತ ನೋಡದೆ ಮುಂದೆ ಹೋಗುತ್ತೀವಲ್ಲ, ಹಾಗೆ.

ತಮಾಷೆ ಏನೆಂದರೆ ಈ ಮೂಲ ಮಾಧ್ಯಮಗಳಲ್ಲಿ ಅತಿ ಪ್ರಸಿದ್ಧವಾದದ್ದು ಹುಟ್ಟಿದ್ದೇ ಹಾರ್ಮೋನು ಹುಡುಕಲು ಹೋಗಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮುರಾಶಿಗೆ ಎಂಬ ವಿದ್ಯಾರ್ಥಿ ತನ್ನ ಗುರು ಸ್ಕೂಗ್ ಜೊತೆ ತಂಬಾಕಿನ ಅಂಗಾಂಶ ಬೆಳೆಸುತ್ತಿದ್ದ. ತಂಬಾಕಿನ ಎಲೆಯ ರಸ ಸೇರಿಸಿದರೆ ಮೂರು ನಾಲ್ಕು ವಾರದಲ್ಲಿ ಬೆಳವಣಿಗೆ ನಾಲ್ಕೈದು ಪಟ್ಟು ಜಾಸ್ತಿ. ರಸದಲ್ಲಿ ಯಾವುದೋ ಹೊಸ ಹಾರ್ಮೋನು ಇರಬೇಕು ಅಂತ ಹುಡುಕಾಟ ಶುರುವಾಯಿತು. ಕೊನೆಗೆ ಸಿಕ್ಕಿದ್ದೇನು? ಪರಿಣಾಮದ ಬಹುಪಾಲು ರಸದಲ್ಲಿದ್ದ ಲವಣಗಳದ್ದು! ಅಲ್ಲಿಯವರೆಗೆ ಬಳಸುತ್ತಿದ್ದ ಮಾಧ್ಯಮದಲ್ಲಿ ಉಪ್ಪಿನಂಶಗಳು ಸಾಲುತ್ತಲೇ ಇರಲಿಲ್ಲ. ಪಾಪದ ಅಂಗಾಂಶ ಹಸಿದಿತ್ತು, ಅಷ್ಟೇ. ಆ ಲೆಕ್ಕವನ್ನು ಕೂಡಿಸಿ ಕಳೆದು 1962ರಲ್ಲಿ ಪ್ರಕಟಿಸಿದ ಪಾಕವೇ ಇವತ್ತಿಗೂ ಲೋಕವೆಲ್ಲ ಬಳಸುವ ಎಂಎಸ್ ಮಾಧ್ಯಮ. ಮುರಾಶಿಗೆಯ ಎಂ, ಸ್ಕೂಗ್‌ನ ಎಸ್. ನಮ್ಮ ರೈತರು ನರ್ಸರಿಯಿಂದ ತರುವ ಟಿಶ್ಯೂ ಕಲ್ಚರ್ ಬಾಳೆಯ ಹಿಂದೆಯೂ ಬಹುಮಟ್ಟಿಗೆ ಇದೇ ಪಾಕ.

ಈ ಕಥೆಯ ಪಾಠ ಎಲ್ಲರಿಗೂ ಗೊತ್ತು, ಆದರೆ ಅದನ್ನು ಅರ್ಧ ಮಾತ್ರ ಕಲಿತೆವು ಅನ್ನೋದು ನನ್ನ ತಕರಾರು. ಮುರಾಶಿಗೆ ಮಾಡಿದ್ದು ತಂಬಾಕಿಗೆ ಬೇಕಾದ್ದನ್ನು ತಂಬಾಕಿನಿಂದಲೇ ಕಲಿತದ್ದು. ನಾವು ಕಲಿಯಬೇಕಾದದ್ದು ಆ ಕ್ರಮವನ್ನು. ಉಳಿಸಿಕೊಂಡದ್ದು ಆ ಪಾಕವನ್ನು!

ಪಾಕದ ಅಂಕಿ ನೋಡಿ. ಒಂದು ಲೀಟರ್ ಎಂಎಸ್‌ನಲ್ಲಿ 1650 ಮಿಲಿಗ್ರಾಂ ಅಮೋನಿಯಂ ನೈಟ್ರೇಟ್, 1900 ಮಿಲಿಗ್ರಾಂ ಪೊಟ್ಯಾಸಿಯಂ ನೈಟ್ರೇಟ್. ಗೊಬ್ಬರ ಸುರಿದ ತಂಬಾಕಿನ ಹೊಲಕ್ಕೆ ಹೊಂದುವ ಊಟ. ಕೋನಿಫರ್ ಕಾಡಿನ ನೆಲ ಹಾಗಿರುವುದಿಲ್ಲ. ಉತ್ತರದ ತಣ್ಣನೆಯ ಕಾಡುಗಳಲ್ಲಿ ಉದುರಿದ ಸೂಜಿ ಎಲೆ ನಿಧಾನ ಕೊಳೆಯುತ್ತದೆ, ನೈಟ್ರೇಟ್ ಕಡಿಮೆ, ಅಮೈನೋ ಆಮ್ಲಗಳ ಪಾಲು ಹೆಚ್ಚು. ಸ್ವೀಡನ್ನಿನ ನೆಸ್‌ಹೋಮ್ ಮತ್ತು ಸಂಗಡಿಗರು 1998ರಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಗುರುತು ಹಾಕಿ ಕಾಡಿನ ಮಣ್ಣಿಗೆ ಸೇರಿಸಿದರು. ಪೈನ್, ಸ್ಪ್ರೂಸ್ ಗಿಡಗಳು ಅದನ್ನು ಇಡಿಯಾಗಿಯೇ ಹೀರಿಕೊಂಡವು. ಗಿಡಗಳು ಅಮೋನಿಯಂ, ನೈಟ್ರೇಟ್ ಮಾತ್ರ ತಿನ್ನುತ್ತವೆ ಅಂತ ಪಠ್ಯಪುಸ್ತಕಗಳು ಹೇಳುತ್ತಿದ್ದ ಕಾಲದಲ್ಲಿ ಅದು ದೊಡ್ಡ ಸುದ್ದಿ.

ಕೋನಿಫರ್‌ಗಳ ಜೊತೆ ಹೆಣಗಾಡಿದವರು ಇದರ ಸುಳಿವನ್ನು ಮೊದಲೇ ಹಿಡಿದಿದ್ದರು. ಡಗ್ಲಾಸ್ ಫರ್ ಮೇಲೆ ಕೆಲಸ ಮಾಡಿದ ಗುಪ್ತ ಮತ್ತು ಡರ್ಝನ್ 1985ರಲ್ಲಿ ಕೊಟ್ಟ ಡಿಸಿಆರ್ ಎಂಬ ಮಾಧ್ಯಮದಲ್ಲಿ ಅಮೋನಿಯಂ ನೈಟ್ರೇಟ್ 400 ಮಿಲಿಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 340 ಮಿಲಿಗ್ರಾಂ. ಎಂಎಸ್‌ನ ಕಾಲುಭಾಗಕ್ಕಿಂತ ಕಡಿಮೆ. ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ಅಮೋನಿಯಂ ವಿಷಯದಲ್ಲಿ ಅದು ಅಕ್ಷರಶಃ ನಿಜ.

ನೈಟ್ರೋಜನ್ ಯಾವ ರೂಪದಲ್ಲಿ ಕೊಡುತ್ತೇವೆ ಅನ್ನೋದು ಯಾಕೆ ಮುಖ್ಯ? ನೈಟ್ರೇಟ್ ತಿಂದರೆ ಜೀವಕೋಶ ಅದನ್ನು ಮೊದಲು ಅಮೋನಿಯಂ ಮಾಡಿಕೊಳ್ಳಬೇಕು, ಅದಕ್ಕೆ ಶಕ್ತಿ ಖರ್ಚು. ಅಮೋನಿಯಂ ನೇರ ಸಿಕ್ಕರೆ ಖರ್ಚು ಕಡಿಮೆ, ಆದರೆ ಒಳಗೆ ಹೆಚ್ಚು ಕೂಡಿಬಿದ್ದರೆ ವಿಷ. ಜೊತೆಗೆ ಅಮೋನಿಯಂ ಹೀರಿದಾಗ ಕೋಶ ಆಮ್ಲವನ್ನು ಹೊರಗೆ ಬಿಡುತ್ತದೆ, ಮಾಧ್ಯಮದ ಪಿಹೆಚ್ ಇಳಿಯುತ್ತದೆ. ನೈಟ್ರೇಟ್ ಹೀರಿದಾಗ ಅದು ಏರುತ್ತದೆ. ಅಂದರೆ ಭ್ರೂಣ ಊಟ ಮಾಡುತ್ತಾ ಮಾಡುತ್ತಾ ತನ್ನ ತಟ್ಟೆಯನ್ನೇ ಬದಲಾಯಿಸುತ್ತಿರುತ್ತದೆ. ಗ್ಲುಟಮಿನ್ ಎಂಬ ಅಮೈನೋ ಆಮ್ಲ ಕೊಟ್ಟರೆ ಈ ಅಡುಗೆಯ ಬಹುಭಾಗ ಮೊದಲೇ ಮುಗಿದಿರುತ್ತದೆ. ಸ್ವೀಡನ್ನಿನ ಊಮಿಯೋದಲ್ಲಿ ನಾರ್ವೆ ಸ್ಪ್ರೂಸಿನ ಭ್ರೂಣಕೋಶಗಳ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೋನಿಯಂ ನೈಟ್ರೇಟ್ ಪಕ್ಕದಲ್ಲೇ ಇದ್ದರೂ ಕೋಶಗಳು ತಮ್ಮ ನೈಟ್ರೋಜನ್ನಿನ ದೊಡ್ಡ ಪಾಲನ್ನು ಗ್ಲುಟಮಿನ್‌ನಿಂದ ಪಡೆದವು. ಅದನ್ನು ತೆಗೆದರೆ ಬೆಳವಣಿಗೆ ಕುಗ್ಗಿತು. ಬೀಜದೊಳಗೆ ತಾಯಿ ಕೊಡುತ್ತಿದ್ದದ್ದೂ ಅಮೈನೋ ಆಮ್ಲವೇ ತಾನೇ? ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಲಿಲ್ಲ ನೋಡಿ.

ಹಾಗಾದರೆ ತಾಯಿಯ ಬುತ್ತಿಯನ್ನೇ ಬಿಚ್ಚಿ ನೋಡಿದವರು ಯಾರೂ ಇಲ್ಲವೇ? ಇದ್ದಾರೆ. ಅಟ್ಲಾಂಟಾದ ಜಾರ್ಜಿಯಾ ಟೆಕ್‌ಗೆ ಸೇರಿದ ಕಾಗದ ವಿಜ್ಞಾನ ಸಂಸ್ಥೆಯಲ್ಲಿ ಜೆರಾಲ್ಡ್ ಪುಲ್‌ಮನ್ ಮತ್ತು ತಂಡದವರು ಲಾಬ್ಲಾಲಿ ಪೈನ್ ಬೀಜಗಳನ್ನು ಬಲಿಯುವ ಹಂತ ಹಂತದಲ್ಲೂ ಬಿಡಿಸಿ ಅದರಲ್ಲಿ ಯಾವ ಖನಿಜ, ಯಾವ ಸಕ್ಕರೆ, ಯಾವ ಸಾವಯವ ಆಮ್ಲ, ಯಾವ ಹಾರ್ಮೋನು ಎಷ್ಟಿದೆ ಅಂತ ವರ್ಷಗಟ್ಟಲೆ ಅಳೆದರು. ಆ ಅಂಕಿಗಳ ಆಧಾರದ ಮೇಲೆ ಮಾಧ್ಯಮ ತಿದ್ದುತ್ತಾ ಹೋದರು. ಲಾಬ್ಲಾಲಿ ಪೈನ್ ಅಮೆರಿಕದ ಆಗ್ನೇಯ ರಾಜ್ಯಗಳ ಮುಖ್ಯ ವಾಣಿಜ್ಯ ಮರ, ಬಾಟಲಿಯೊಳಗೆ ಮಾತ್ರ ಬಲು ಹಠಮಾರಿ. ಅದು ಬಗ್ಗತೊಡಗಿದ್ದು ಹೀಗೆ ಬೀಜಕ್ಕೆ ಶಿಷ್ಯರಾದ ಮೇಲೆ.

ಅದೇ ತಂಡದವರು ಮಾಡಿದ ಇನ್ನೊಂದು ಕೆಲಸ ನನಗೆ ಅದಕ್ಕಿಂತ ಇಷ್ಟ. ಪಾಕದಲ್ಲಿ ಬರೆದದ್ದು ಮತ್ತು ಬಾಟಲಿಯಲ್ಲಿ ನಿಜವಾಗಿ ಇರುವುದು ಒಂದೇನಾ ಅಂತ 2003ರಲ್ಲಿ ಪರೀಕ್ಷೆ ಮಾಡಿದರು. ಒಂದಲ್ಲ! ಮಾಧ್ಯಮ ಗಟ್ಟಿಯಾಗಲು ಹಾಕುವ ಜೆಲ್ಲನ್ ಗಮ್ ತನ್ನ ಜೊತೆಗೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ತರುತ್ತದೆ. ಬೇಡದ ವಸ್ತುಗಳನ್ನು ಹೀರಲಿ ಅಂತ ಹಾಕುವ ಇದ್ದಿಲು ಪುಡಿ ತಾಮ್ರ, ಸತುವನ್ನೂ ಹಿಡಿದಿಟ್ಟುಕೊಳ್ಳುತ್ತದೆ, 2,4-ಡಿಯನ್ನೂ ನುಂಗುತ್ತದೆ. ಇದರ ಮೇಲೆ ಆಟೋಕ್ಲೇವ್. ಅಂದರೆ ನಮ್ಮ ಪ್ರೆಶರ್ ಕುಕ್ಕರ್‌ನ ದೊಡ್ಡಣ್ಣ, 121 ಡಿಗ್ರಿ. ಅದರಲ್ಲಿ ಕುದಿಸಿದಾಗ ಸಕ್ಕರೆಯ ಸ್ವಲ್ಪ ಭಾಗ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ, ಇದ್ದಿಲು ಇದ್ದರೆ ಇನ್ನೂ ಹೆಚ್ಚು. ಗ್ಲುಟಮಿನ್ ಅಂತೂ ಆ ಬಿಸಿ ತಾಳುವುದೇ ಇಲ್ಲ, ಅದನ್ನು ಬೇರೆಯಾಗಿ ಸೋಸಿ ಆಮೇಲೆ ಸೇರಿಸಬೇಕು. ಬೆಳಕಿಗೆ ಇಟ್ಟರೆ ಕಬ್ಬಿಣ ಹಿಡಿದಿಟ್ಟುಕೊಂಡಿರುವ ಇಡಿಟಿಎ ಒಡೆದು ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ.

ಸಾಫ್ಟ್‌ವೇರ್ ಮಂದಿಗೆ ಇದು ಚಿರಪರಿಚಿತ ರೋಗ. "ನನ್ನ ಮಷೀನ್‌ನಲ್ಲಿ ಓಡ್ತಿತ್ತು!" ಕಾನ್ಫಿಗ್ ಫೈಲಿನಲ್ಲಿ ಒಂದು ಇರುತ್ತದೆ, ಓಡುವಾಗ ಇನ್ನೊಂದು ಇರುತ್ತದೆ. ನಾವಾದರೆ ಲಾಗ್ ತೆಗೆದು ನೋಡುತ್ತೇವೆ. ಬಾಟಲಿಗೆ ಲಾಗ್ ಎಲ್ಲಿದೆ? ಯಾವ ಕಂಪನಿಯ ಇದ್ದಿಲು, ಯಾವ ಜೆಲ್, ಎಷ್ಟು ಹೊತ್ತು ಕುದಿಸಿದರು, ಕೊನೆಯಲ್ಲಿ ಪಿಹೆಚ್ ಎಷ್ಟಿತ್ತು ಅನ್ನೋದನ್ನು ಬರೆಯದೆ ಹಾರ್ಮೋನಿನ ಅಂಕಿ ಮಾತ್ರ ದಶಮಾಂಶದ ಮೂರನೇ ಸ್ಥಾನದವರೆಗೆ ಕೊಟ್ಟರೆ ಏನು ಬಂತು? ಆ ಹಾರ್ಮೋನಿನಲ್ಲಿ ಎಷ್ಟು ಭಾಗ ಇದ್ದಿಲಿನ ಹೊಟ್ಟೆಗೆ ಹೋಯಿತೋ ಯಾರಿಗೆ ಗೊತ್ತು?

ಇನ್ನೊಂದು ತಕರಾರು ಲೆಕ್ಕ ಹಾಕುವ ಬಗೆಯದ್ದು. ಒಂದು ಗ್ರಾಂ ಅಂಗಾಂಶಕ್ಕೆ ಎಷ್ಟು ಭ್ರೂಣ ಬಲಿತವು ಅನ್ನೋದೇ ಬಹಳ ಕಡೆ ಯಶಸ್ಸಿನ ಅಳತೆ. ಸ್ಪ್ರೂಸ್ ಭ್ರೂಣ ಬಲಿಯುವ ಹಂತದಲ್ಲಿ ಪಾಲಿಇಥಿಲೀನ್ ಗ್ಲೈಕಾಲ್ ಎಂಬ ವಸ್ತು ಸೇರಿಸಿ ನೀರು ಸುಲಭವಾಗಿ ಸಿಗದ ಹಾಗೆ ಮಾಡುವುದು ಒಂದು ಜನಪ್ರಿಯ ಉಪಾಯ. ಬಿಳಿ ಸ್ಪ್ರೂಸಿನಲ್ಲಿ ಅದರಿಂದ ಒಳ್ಳೆಯ ಫಲ ಬಂತು, ಭ್ರೂಣಗಳು ಎಣ್ಣೆ ಪ್ರೋಟೀನು ಚೆನ್ನಾಗಿ ಕೂಡಿಟ್ಟುಕೊಂಡವು. ಆದರೆ ನಾರ್ವೆ ಸ್ಪ್ರೂಸಿನಲ್ಲಿ ಬೋಜ್ಕೋವ್ ಮತ್ತು ವಾನ್ ಆರ್ನಾಲ್ಡ್ 1998ರಲ್ಲಿ ಕಂಡದ್ದೇನೆಂದರೆ, ಭ್ರೂಣ ಬಲಿಯುವುದಕ್ಕೆ ಅದು ನೆರವಾಗುತ್ತದೆ, ಆದರೆ ಆಮೇಲಿನ ಬೆಳವಣಿಗೆಗೆ ಅಡ್ಡಿ. ಭ್ರೂಣ ಎಣಿಸಿ ಪ್ರಬಂಧ ಬರೆದು ನಿಲ್ಲಿಸಿದ್ದರೆ ಅದೇ ಮಾಧ್ಯಮಕ್ಕೆ ಮೊದಲ ಬಹುಮಾನ ಸಿಗುತ್ತಿತ್ತು. ಪರೀಕ್ಷೆಯಲ್ಲಿ ರ‍್ಯಾಂಕ್ ಬಂದು ಕೆಲಸದಲ್ಲಿ ಮುಗ್ಗರಿಸಿದವರ ಕಥೆಯಂತೆ!

ಬಾಲ್ಯದ ಊಟ, ವಾತಾವರಣ ಮರದ ಮೇಲೆ ಎಷ್ಟು ಕಾಲ ಗುರುತು ಬಿಡುತ್ತದೆ ಅನ್ನೋದಕ್ಕೆ ನಾರ್ವೆಯಿಂದ ಒಂದು ಅದ್ಭುತ ಉದಾಹರಣೆ ಇದೆ. ಸ್ಪ್ರೂಸ್ ಭ್ರೂಣ ಬೆಳೆಯುವಾಗ ಬೆಚ್ಚಗಿನ ವಾತಾವರಣ ಇದ್ದರೆ, ಆ ಗಿಡಗಳು ಮುಂದೆ ಚಳಿಗಾಲಕ್ಕೆ ಮೊಗ್ಗು ಮುಚ್ಚಿಕೊಳ್ಳುವುದನ್ನು ತಡ ಮಾಡುತ್ತವೆ. ಜೀನ್ ಒಂದೇ, ನೆನಪು ಬೇರೆ. ಇದು ಬೀಜದೊಳಗಿನ ಭ್ರೂಣಕ್ಕೂ ನಿಜ, ಬಾಟಲಿಯ ಭ್ರೂಣಕ್ಕೂ ನಿಜ ಅಂತ ಕ್ವಾಲೆನ್ ಮತ್ತು ಯೋನ್ಸೆನ್ 2008ರಲ್ಲಿ ತೋರಿಸಿದರು. ತಡವಾಗಿ ಮೊಗ್ಗು ಮುಚ್ಚಿದ ಗಿಡಕ್ಕೆ ಶರತ್ಕಾಲದ ಮೊದಲ ಹಿಮ ಬಡಿದರೆ ಗತಿಯೇನು? ಇದು ಉಷ್ಣತೆಯ ಮಾತು, ಪೋಷಕಾಂಶದ್ದಲ್ಲ, ಒಪ್ಪುತ್ತೇನೆ. ಆದರೆ ಕೆಲವು ವಾರಗಳ ಬಾಟಲಿವಾಸವನ್ನು ಮರ ಮರೆಯುವುದಿಲ್ಲ ಅಂತಾದ ಮೇಲೆ, ಆ ವಾರಗಳಲ್ಲಿ ಹಾಕಿದ ಊಟವನ್ನೂ ಸಸಿ ನೆಲ ಸೇರಿದ ನಂತರ ಅಳೆಯಬೇಕಲ್ಲವೇ?

ಈಗ ಎದುರು ವಾದಕ್ಕೂ ಕಿವಿ ಕೊಡೋಣ.

ಒಂದು, "ಸ್ವಾಮಿ, ಹಾರ್ಮೋನು ಇಲ್ಲದೆ ಭ್ರೂಣವೇ ಬಲಿಯುವುದಿಲ್ಲ, ನೀವು ಉಪ್ಪು ಸಕ್ಕರೆಯ ಮಾತಾಡುತ್ತಿದ್ದೀರಿ." ನಿಜ. ಅಬ್ಸಿಸಿಕ್ ಆಮ್ಲವಿಲ್ಲದೆ ಈ ವಿದ್ಯೆಯೇ ಇಲ್ಲ. ಆದರೆ ಆ ಹಾರ್ಮೋನು "ಕೂಡಿಟ್ಟುಕೋ" ಅಂತ ಆಜ್ಞೆ ಮಾಡುತ್ತದೆ ಅಷ್ಟೇ. ಕೂಡಿಡಲು ಮನೆಯಲ್ಲಿ ಅಕ್ಕಿ ಬೇಕಲ್ಲ? ಆಜ್ಞೆ ಜೋರು ಮಾಡಿದ ಮಾತ್ರಕ್ಕೆ ಕಣಜ ತುಂಬುವುದಿಲ್ಲ.

ಎರಡು, "ಬೀಜದಲ್ಲಿ ಇದೆ ಅಂದಮಾತ್ರಕ್ಕೆ ಅದು ಭ್ರೂಣಕ್ಕೆ ಬೇಕು ಅಂತ ಏನು ಖಾತ್ರಿ?" ಇದು ಗಟ್ಟಿ ವಾದ. ಬೀಜ ಅರೆದು ಅಳೆದರೆ ಸಿಗುವುದು ದಾಸ್ತಾನು, ಹರಿವಲ್ಲ. ಅಡುಗೆಮನೆಯ ಡಬ್ಬಿಗಳನ್ನು ನೋಡಿ ಮನೆಯವರು ದಿನಕ್ಕೆ ಎಷ್ಟು ತಿನ್ನುತ್ತಾರೆ ಅಂತ ಹೇಳಲಾಗದು. ಹಾಗಾಗಿ ಬೀಜದ ಅಂಕಿಗಳು ವೇದವಾಕ್ಯ ಅಂತ ನಾನು ಹೇಳುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು ಅನ್ನೋದಷ್ಟೇ ನನ್ನ ಮಾತು. ತಂಬಾಕಿನ ಪಾಕದಿಂದ ಹೊರಟು ಅರ್ಧ ಮಾಡಿ, ಕಾಲು ಮಾಡಿ ನೋಡುವುದಕ್ಕಿಂತ, ಆ ಮರದ್ದೇ ಬೀಜದಿಂದ ಹೊರಡುವುದು ದಾರಿಯನ್ನು ಹತ್ತಿರ ಮಾಡುತ್ತದೆ. ಇಪ್ಪತ್ತು ಅಂಶಗಳಿರುವ ಪಾಕದಲ್ಲಿ ಒಂದೊಂದಕ್ಕೂ ಮೂರೇ ಪ್ರಮಾಣ ಇಟ್ಟು ಎಲ್ಲ ಜೋಡಣೆಗಳನ್ನು ನೋಡುತ್ತೇನೆ ಅಂದರೂ ಸುಮಾರು 350 ಕೋಟಿ ಬಾಟಲಿ ಬೇಕು. ಯಾವ ಲ್ಯಾಬಿನಲ್ಲಿ ಜಾಗವಿದೆ?

ಮೂರು, ದುಡ್ಡು. ಅಮೈನೋ ಆಮ್ಲ ದುಬಾರಿ, ಸೋಸಿ ಸೇರಿಸುವ ಕೆಲಸ ಬೇರೆ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಲವಣದಲ್ಲೇ ಮುಗಿದರೆ ಯಾಕೆ ಬೇಡ? ಬರಿಯ ಮರದ ವ್ಯಾಪಾರವಾದರೆ ಈ ಲೆಕ್ಕ ಸರಿಯೇ ಇರಬಹುದು. ಹಠಮಾರಿ ತಳಿಗಳನ್ನು ಬಿಟ್ಟು, ಬಾಟಲಿಯಲ್ಲಿ ಸುಲಭವಾಗಿ ಬರುವ ತಳಿಗಳನ್ನೇ ಸಾವಿರ ಸಾವಿರ ಬೆಳೆಸಿದರಾಯಿತು.

ನನ್ನ ನಿಜವಾದ ಚಿಂತೆ ಇರುವುದು ಇಲ್ಲೇ. ಕೋನಿಫರ್‌ಗಳಲ್ಲಿ ಒಂದು ತಾಯಿಮರದ ಬೀಜ ಮಾಧ್ಯಮಕ್ಕೆ ಚೆನ್ನಾಗಿ ಒಗ್ಗುತ್ತದೆ, ಪಕ್ಕದ ಮರದ ಬೀಜ ಒಗ್ಗುವುದೇ ಇಲ್ಲ. ಇದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಒಗ್ಗದ್ದನ್ನು "ಹಠಮಾರಿ ತಳಿ" ಅಂತ ಹೆಸರಿಟ್ಟು ಪಕ್ಕಕ್ಕಿಡುತ್ತಾರೆ. ಯೋಚಿಸಿ ನೋಡಿ, ಹಠ ಮಾಡುತ್ತಿರುವುದು ಮರವೋ, ಬದಲಾಗಲು ಒಪ್ಪದ ನಮ್ಮ ಪಾಕವೋ? ಹಾಸ್ಟೆಲ್ ಮೆಸ್ ಊಟ ಒಗ್ಗದವನನ್ನು ದಡ್ಡ ಅಂತ ಕಾಲೇಜಿನಿಂದ ಹೊರಗೆ ಹಾಕಿದ ಹಾಗಾಯಿತಲ್ಲ ಇದು! ಒಂದೇ ಪಾಕ ಇಟ್ಟುಕೊಂಡರೆ ಕಾಡಿಗೆ ಹೋಗುವುದು ಆ ಪಾಕ ಒಪ್ಪಿದವರ ಮಕ್ಕಳು ಮಾತ್ರ. ಯಾರೂ ಬೇಕೆಂದು ಮಾಡದ ಆಯ್ಕೆ ಅದು, ಆದರೂ ಆಯ್ಕೆಯೇ.

ತೋಟದ ಮರಗಳಿಗೆ ಇದನ್ನು ಹೇಗೋ ಸಹಿಸಬಹುದು. ಅಳಿವಿನಂಚಿನ ಮರಗಳಿಗೆ? ಫ್ಲೋರಿಡಾದ ಅಪಲಾಚಿಕೋಲಾ ನದಿಯ ದಂಡೆಯಲ್ಲಿ ಟೊರೇಯಾ ಟ್ಯಾಕ್ಸಿಫೋಲಿಯಾ ಅನ್ನುವ ಕೋನಿಫರ್ ಇದೆ. ಕಳೆದ ಶತಮಾನದ ನಡುವಿನಲ್ಲಿ ರೋಗ ಬಡಿದು ದೊಡ್ಡ ಮರಗಳೆಲ್ಲ ಸತ್ತವು. ಈಗ ಉಳಿದಿರುವುದು ಬುಡದಿಂದ ಚಿಗುರಿ, ಬೀಜ ಬಿಡುವ ವಯಸ್ಸಿಗೆ ಮೊದಲೇ ಮತ್ತೆ ಒಣಗುವ ಗಿಡಗಳು. ಬೀಜ ಸಿಕ್ಕರೂ ಒಣಗಿಸಿ ಡಬ್ಬಿಯಲ್ಲಿಡಲಾಗದು, ಒಣಗಿದರೆ ಸಾಯುತ್ತದೆ. ನಮ್ಮ ಹಲಸಿನ ಬೀಜದ ಹಾಗೆ. ಆದ್ದರಿಂದ ಸಾಮಾನ್ಯ ಬೀಜ ಬ್ಯಾಂಕು ಇದಕ್ಕೆ ಉಪಯೋಗವಿಲ್ಲ. ಪುಲ್‌ಮನ್ ತಂಡ ಮತ್ತು ಅಟ್ಲಾಂಟಾ ಬೊಟಾನಿಕಲ್ ಗಾರ್ಡನ್‌ನವರು ಸೇರಿ 2012ರಲ್ಲಿ ಈ ಮರದ ಭ್ರೂಣಗಳನ್ನು ಬಾಟಲಿಯಲ್ಲಿ ಬೆಳೆಸಿ, ಗಿಡ ಮಾಡಿ, ಭ್ರೂಣಕೋಶಗಳನ್ನು ಫ್ರೀಜ್ ಮಾಡಿಟ್ಟು ಮತ್ತೆ ಜೀವ ತರಿಸುವ ವಿಧಾನವನ್ನು ಪ್ರಕಟಿಸಿದರು. ಲಾಬ್ಲಾಲಿ ಪೈನ್‌ಗಾಗಿ ವರ್ಷಗಟ್ಟಲೆ ಬೀಜ ಬಿಡಿಸಿ ಕಲಿತ ಕೈಗಳೇ ಇಲ್ಲಿ ಕೆಲಸಕ್ಕೆ ಬಂದದ್ದು. ಇಂಥ ಮರದ ವಿಷಯದಲ್ಲಿ "ಒಗ್ಗದ ತಳಿ ಬಿಟ್ಟುಬಿಡಿ" ಅನ್ನುವ ಹಾಗಿದೆಯೇ? ಬಿಟ್ಟ ಒಂದೊಂದು ತಾಯಿಯೂ ಮತ್ತೆ ಸಿಗುವುದಿಲ್ಲ. ರೋಗ ತಡೆಯುವ ಗುಣ ಬಿಟ್ಟುಹೋದವಳಲ್ಲೇ ಇದ್ದರೆ?

ನಮ್ಮ ಕಡೆ ಕೋನಿಫರ್‌ಗಳು ಕಡಿಮೆ. ದಕ್ಷಿಣ ಭಾರತದ ಸ್ವಂತ ಕೋನಿಫರ್ ಅಂತ ಇರುವುದು ಒಂದೇ, ನಾಗೇಯಾ ವಾಲಿಚಿಯಾನಾ. ಕೇರಳ, ತಮಿಳುನಾಡು ಭಾಗದ ಪಶ್ಚಿಮ ಘಟ್ಟಗಳ ಮಳೆಕಾಡಿನಲ್ಲಿದೆ. ಹಿಮಾಲಯದ ಪೈನ್‌ಗಳ ಭ್ರೂಣ ಬೆಳೆಸುವ ಬಗ್ಗೆ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದಲೂ 2000ರ ದಶಕದಲ್ಲಿ ಪ್ರಬಂಧಗಳು ಬಂದಿವೆ. ಅಂದರೆ ಈ ಚರ್ಚೆ ನಮಗೆ ಪೂರ್ತಿ ಪರದೇಶಿಯೇನಲ್ಲ.

ಹಾಗಾದರೆ ಏನು ಮಾಡಬೇಕು ಅನ್ನುತ್ತೀಯ ಅಂದರೆ ನನ್ನ ಬೇಡಿಕೆ ಮೂರೇ. ಯಾವುದೇ ಹೊಸ ಕೋನಿಫರ್‌ಗೆ ಕೈ ಹಾಕುವ ಮೊದಲು ಅದರ ಬೀಜವನ್ನು ಹಂತ ಹಂತವಾಗಿ ಅಳೆದು ಆ ಅಂಕಿಗಳನ್ನು ಎಲ್ಲರಿಗೂ ಸಿಗುವಂತೆ ಇಡಲಿ. ಪಾಕದ ಜೊತೆಗೆ ಕುದಿಸಿ ತಣಿಸಿದ ಮೇಲೆ ಬಾಟಲಿಯಲ್ಲಿ ನಿಜಕ್ಕೂ ಉಳಿದದ್ದೇನು ಅಂತಲೂ ಬರೆಯಲಿ. ಮತ್ತು ಯಶಸ್ಸನ್ನು ಭ್ರೂಣದ ಎಣಿಕೆಯಲ್ಲಲ್ಲ, ಎಷ್ಟು ತಾಯಿಮರಗಳ ಮಕ್ಕಳು ನೆಲದಲ್ಲಿ ಬೇರು ಬಿಟ್ಟವು ಅನ್ನೋದರಲ್ಲಿ ಅಳೆಯಲಿ. ಒಗ್ಗದ ತಳಿಗಳ ಪಟ್ಟಿಯನ್ನೂ ಮುಚ್ಚಿಡದೆ ಪ್ರಕಟಿಸಲಿ. ನಮ್ಮಲ್ಲಿ ಬಗ್ ರಿಪೋರ್ಟ್ ಹಾಕುವವನಿಗೆ ಕೋಡ್ ಬರೆದವನಷ್ಟೇ ಮರ್ಯಾದೆ ಕೊಡುವ ಒಳ್ಳೆಯ ಪ್ರಾಜೆಕ್ಟುಗಳಿವೆ, ಅಲ್ಲಿಂದ ಇಷ್ಟನ್ನು ಕಡ ತೆಗೆದುಕೊಂಡರೆ ನಷ್ಟವಿಲ್ಲ.

ಇದರಲ್ಲಿ ಯಾವುದಕ್ಕೂ ಹೊಸ ಹಾರ್ಮೋನು ಕಂಡುಹಿಡಿಯಬೇಕಾಗಿಲ್ಲ. ತಾಯಿ ಕಟ್ಟಿಟ್ಟ ಬುತ್ತಿ ಬೀಜದೊಳಗೇ ಇದೆ. ಟೊರೇಯಾದಂಥ ಮರಗಳ ಮಟ್ಟಿಗೆ, ಆ ಬೀಜಗಳು ಇನ್ನೂ ಸಿಗುತ್ತಿರುವಾಗಲೇ ಬಿಚ್ಚಿ ನೋಡಬೇಕು ಅನ್ನೋದೊಂದೇ ಅವಸರ.